ಎಮ್ಮೆ ಒಪ್ಪದ ವೇಳಾಪಟ್ಟಿ

ಭೀಮಸಿಗೆ ಈಗ ನಲವತ್ತೆಂಟು ವರ್ಷ. ಅವನ ಹೊಟ್ಟೆಯಲ್ಲಿರುವ ಸಿಟ್ಟಿಗೆ ಮೂವತ್ತೊಂಬತ್ತು. ನಾಲ್ಕನೇ ಇಯತ್ತೆಯಲ್ಲಿ ಹುಟ್ಟಿದ ಆ ಸಿಟ್ಟು ಅವನ ಜೊತೆಗೇ ಉಂಡು, ಅವನ ಜೊತೆಗೇ ಮಲಗಿ, ಅವನಿಗಿಂತ ಚೆನ್ನಾಗಿ ಬೆಳೆದಿದೆ.

ಆಗ ಮಾಸ್ತರರ ಮನೆಗೆ ನೀರು ಹೊರುವುದು ಹುಡುಗರ ಪಾಳಿಯಾಗಿತ್ತು. ಆ ದಿನ ಭೀಮಸಿಯ ಪಾಳಿ. ನಸುಕಿನಲ್ಲೇ ಹೋಗಿ ಸ್ನಾನದ ಹಂಡೆ ತುಂಬಿದ. ಮಾಸ್ತರರು ಮಿಂದು, ಹಣೆಗೆ ವಿಭೂತಿ ಹಚ್ಚಿ, ಚಹಾ ಕುಡಿದು ಶಾಲೆಗೆ ಹೊರಟರು. ಅವರ ಹೆಂಡತಿ, “ಬ್ಯಾರಲ್ಲೂ ತುಂಬಿಸಿ ಹೋಗೋ ತಮ್ಮಾ” ಎಂದರು. ಬ್ಯಾರಲ್ಲು ತುಂಬುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿ ತಣ್ಣಗಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಾಸ್ತರರು, “ಯಾಕೋ ಇಷ್ಟ ಉಶೀರ?” ಎಂದರು. “ನಿಮ್ಮ ಮನ್ಯಾಗ ನೀರ ತುಂಬಾಕತ್ತಿದ್ನಿರಿ” ಎಂದ ಭೀಮಸಿ. ಎದುರು ಮಾತಾಡಿದ್ದಕ್ಕೆ ಬೇರೆ ನಾಲ್ಕು, ತಡವಾದದ್ದಕ್ಕೆ ಬೇರೆ ನಾಲ್ಕು, ಒಟ್ಟು ಎಂಟು ಏಟು ಬಿದ್ದವು. ಪಾಟಿಯನ್ನು ಅಲ್ಲೇ ಬಿಟ್ಟು ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಆ ಮಾಸ್ತರರು ಈಗ ನಿವೃತ್ತರಾಗಿ ಅಂಕಲಿ ರಸ್ತೆಯ ಮೇಲೆ ಮನೆ ಕಟ್ಟಿಸಿದ್ದಾರೆ. ಭೀಮಸಿ ದಿನಾ ಮುಂಜಾನೆ ಹಾಲಿನ ಕ್ಯಾನು ಕಟ್ಟಿಕೊಂಡು ಎಂ-ಏಟಿ ಗಾಡಿಯ ಮೇಲೆ ಅದೇ ಮನೆಯ ಮುಂದೆ ಹಾಯುತ್ತಾನೆ. ಅಲ್ಲಿಗೆ ಬಂದ ಕೂಡಲೇ ಹಾರ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ಮನೆ ದಾಟುವ ತನಕ ಎತ್ತುವುದಿಲ್ಲ. ಗಾಡಿಗೆ ಬ್ರೇಕು ಸರಿಯಿಲ್ಲ, ಲೈಟು ಇಲ್ಲವೇ ಇಲ್ಲ. ಹಾರ್ನು ಮಾತ್ರ ಹೊಸದು.

ಇಂಥವನಿಗೆ ಒಂದು ದಿನ ಶಾಲೆಯಿಂದಲೇ ಚೀಟಿ ಬಂತು. ಮಗಳು ಗಂಗಾ ಹತ್ತನೇ ಇಯತ್ತೆ. ಚೀಟಿಯನ್ನು ಓದಿ ಹೇಳಿದವಳೂ ಗಂಗಾಳೇ. “ತಮ್ಮ ಮಗಳು ಮುಂಜಾನೆಯ ವಿಶೇಷ ತರಗತಿಗೆ ಪದೇ ಪದೇ ತಡವಾಗಿ ಬರುತ್ತಿದ್ದಾಳೆ. ಇನ್ನು ನಾಲ್ಕು ಸಲ ತಡವಾದರೆ ಹಾಜರಿ ಸಾಲದೆ ಪರೀಕ್ಷೆಯ ಹಾಲ್ ಟಿಕೆಟ್ ಕೊಡಲಾಗುವುದಿಲ್ಲ. ಬರುವ ಶನಿವಾರ ಹತ್ತು ಗಂಟೆಗೆ ಸರಿಯಾಗಿ ಮಕ್ಕಳಿಗೂ ಪಾಲಕರಿಗೂ ಸಮಯ ಪಾಲನೆಯ ಶಿಬಿರವಿದೆ. ತಪ್ಪದೆ ಬರುವುದು.”

ಭೀಮಸಿಗೆ ಮೈಯೆಲ್ಲ ಉರಿಯಿತು. ತಾನು ತಡವಾದದ್ದಕ್ಕೇ ಶಾಲೆ ಬಿಟ್ಟ. ಈಗ ಮಗಳೂ ತಡವಾದದ್ದಕ್ಕೇ ಶಾಲೆ ಬಿಡಬೇಕೇ? ತೋಟದ ಮನೆಗಳ ಆ ಇಡೀ ವಸ್ತಿಯಲ್ಲಿ ಹತ್ತರ ಪರೀಕ್ಷೆಗೆ ಕೂರಬೇಕಾದ ಮೊದಲ ಹುಡುಗಿ ಅವಳು.

“ಯಾಕಲೇ ಉಶೀರ ಮಾಡ್ತಿ?” ಎಂದು ಗುಡುಗಿದ.

“ಬಸ್ಸು ತಪ್ಪತೈತಿ.”

“ಬಸ್ಸು ಯಾಕ ತಪ್ಪತೈತಿ?”

ಗಂಗಾ ಅವ್ವನ ಮುಖ ನೋಡಿದಳು. ಅವ್ವ ಕೆಂಪವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನೋಡದಂತೆ ಕೂತಳು. ಬಸ್ಸು ಯಾಕೆ ತಪ್ಪುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಶನಿವಾರ ಭೀಮಸಿ ಒಂಬತ್ತೂವರೆಗೇ ಶಾಲೆಯ ಪಟಾಂಗಣದಲ್ಲಿ ಹಾಜರಾದ. ಮೂವತ್ತೊಂಬತ್ತು ವರ್ಷದ ಮೇಲೆ ಶಾಲೆಗೆ ಬರುತ್ತಿದ್ದಾನೆ, ಈ ಸಲವಾದರೂ ಯಾರೂ ಬೆರಳು ತೋರಿಸಬಾರದು. ಹತ್ತು ಹೊಡೆಯಿತು. ಹನ್ನೊಂದು ಹೊಡೆಯಿತು. ಶಾಮಿಯಾನದ ಕೆಳಗೆ ಕೂತ ಪಾಲಕರು ಮೊದಲು ಕಬ್ಬಿನ ಮಾತಾಡಿದರು, ಆಮೇಲೆ ಬೀಗರ ಮಾತಾಡಿದರು, ಆಮೇಲೆ ಆಡಲು ಮಾತೇ ಉಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಮಕ್ಕಳನ್ನು ಗೇಟಿನಿಂದ ವೇದಿಕೆಯ ತನಕ ಎರಡು ಸಾಲಾಗಿ, ಕೈಯಲ್ಲಿ ಚೆಂಡುಹೂವು ಕೊಟ್ಟು ನಿಲ್ಲಿಸಲಾಗಿತ್ತು. ಸಮಯ ಪಾಲನೆಯ ಶಿಬಿರದಲ್ಲಿ ಮಕ್ಕಳು ಕಲಿತ ಮೊದಲ ಪಾಠ, ಬಿಸಿಲಿನಲ್ಲಿ ಹೂವು ಎಷ್ಟು ಹೊತ್ತಿಗೆ ಬಾಡುತ್ತದೆ ಎಂಬುದು.

ಹನ್ನೆರಡೂ ನಲವತ್ತಕ್ಕೆ ನಿಪ್ಪಾಣಿ ಕಡೆಯಿಂದ ಸಂಗ್ರಾಮ ಸರ್ ಅವರ ಕಾರು ಬಂತು. ಮಕ್ಕಳಿಗೆ ಹೊತ್ತನ್ನು ಹೇಗೆ ಉಳಿಸಬೇಕೆಂದು ಕಲಿಸುವುದೇ ಅವರ ಕಸುಬು. ಕೋಟು ಹಾಕಿದ್ದರು. ಎರಡು ಕೈಗೂ ಗಡಿಯಾರ ಕಟ್ಟಿದ್ದರು. ಒಂದು ತೋರಿಸಲಿಕ್ಕೆ, ಇನ್ನೊಂದು ಯಾಕೋ ಗೊತ್ತಿಲ್ಲ. ಸತ್ಕಾರ, ಶಾಲು, ಹಾರ, ಹೆಡ್ ಮಾಸ್ತರರ ಪರಿಚಯ ಭಾಷಣ, ಪರಿಚಯ ಭಾಷಣಕ್ಕೆ ಆಭಾರ ಎಲ್ಲ ಮುಗಿದು ಅವರು ಮೈಕಿಗೆ ಬಂದಾಗ ಒಂದೂ ಕಾಲು ಗಂಟೆ.

“ವೇಳ್ ಮ್ಹಣಜೇ ಸೋನ! ಹೊತ್ತು ಅಂದ್ರೆ ಬಂಗಾರ!” ಎಂದರು ಸಂಗ್ರಾಮ ಸರ್. “ಒಂದು ನಿಮಿಷ ತಡ ಮಾಡಿದವನು ಜೀವನದಲ್ಲಿ ಒಂದು ವರ್ಷ ಹಿಂದೆ ಬೀಳ್ತಾನೆ. ಬರೋಬರ?”

“ಬರೋಬರ” ಎಂದಿತು ಹಸಿದ ಜನ.

ಹಿಂದಿನ ಸಾಲಿನ ಒಬ್ಬ ಮುದುಕ, “ಹಂಗಾದ್ರ ಇಂವ ಇನ್ನೂ ಹುಟ್ಟೇ ಇಲ್ಲ ಬಿಡ್ರಿ” ಎಂದ. ನಕ್ಕವರನ್ನು ಹೆಡ್ ಮಾಸ್ತರರು ದುರುಗುಟ್ಟಿ ನೋಡಿದರು. ಭೀಮಸಿ ನಗಲಿಲ್ಲ. ಅವನಿಗೆ ನಾಲ್ಕರ ಲೆಕ್ಕ ತಲೆಯಲ್ಲಿ ಕೂತಿತ್ತು. ನಾಲ್ಕು ಸಲ ತಡವಾದರೆ ಮಗಳ ಪರೀಕ್ಷೆ ಹೋಯಿತು.

ಸಂಗ್ರಾಮ ಸರ್ ದೊಡ್ಡದೊಂದು ಕಾಗದದ ತಕ್ತೆ ಬಿಚ್ಚಿ ತೋರಿಸಿದರು. ಒಂದು ತಾಸಿಗೆ ಒಂದು ಚೌಕದಂತೆ ಇಪ್ಪತ್ನಾಲ್ಕು ಚೌಕ. ಓದಿಗೆ ಹಸಿರು, ನಿದ್ದೆಗೆ ನೀಲಿ, ಆಟಕ್ಕೆ ಹಳದಿ, ವ್ಯರ್ಥ ಹೊತ್ತಿಗೆ ಕೆಂಪು. “ಯಾರಾದರೂ ಒಬ್ಬ ಪಾಲಕರು ನಿಮ್ಮ ಮಗುವಿನ ಮುಂಜಾನೆ ಹೇಳಿ, ನಾನು ಕಳ್ಳನನ್ನು ಹಿಡಿದು ಕೊಡ್ತೀನಿ” ಎಂದರು.

ಯಾರೂ ಏಳಲಿಲ್ಲ. ಭೀಮಸಿ ಎದ್ದ.

“ನನ್ನ ಮಗಳು ಐದಕ್ಕ ಏಳ್ತಾಳ್ರಿ. ಎಮ್ಮಿ ಹಿಂಡತಾಳ. ಅವರವ್ವಂದು ಬೆರಳಿನ ಗೆಣ್ಣು ಬಾತಾವು, ಅಕಿಗೆ ಹಿಂಡಾಕ ಆಗಂಗಿಲ್ಲ. ಆಮ್ಯಾಲ ಕಸಾ ಹೊಡದು, ನೀರ ತಂದು, ಹೊಂಡತಾಳ.”

“ಸಿಕ್ಕ ನೋಡಿ ಕಳ್ಳ!” ಸಂಗ್ರಾಮ ಸರ್ ಮೈಕಿನಲ್ಲಿ ಕೂಗಿದರು. “ಎಮ್ಮೆ! ಈ ಮಗುವಿನ ಬಂಗಾರದಂಥ ಎರಡು ತಾಸನ್ನು ಎಮ್ಮೆ ತಿನ್ನುತ್ತಿದೆ.”

“ಎರಡ ತಾಸ ಅಲ್ಲರಿ. ಅರ್ಧಾ ತಾಸ.”

“ಅದೇ ಅದೇ. ಎಮ್ಮೆ ಯಾರದ್ದು? ನಿಮ್ಮದು. ಪರೀಕ್ಷೆ ಯಾರದ್ದು? ಅವಳದ್ದು. ಅವರವರ ಕೆಲಸ ಅವರವರು ಮಾಡಿ ಸ್ವಾಮೀ. ಎಮ್ಮೆಗೆ ವೇಳಾಪಟ್ಟಿ ಗೊತ್ತಿಲ್ಲ, ಒಪ್ಪೋಣ. ಎಮ್ಮೆಯ ಮಾಲಕನಿಗಾದರೂ ಗೊತ್ತಿರಬೇಕಲ್ಲ?”

ಚಪ್ಪಾಳೆ ಬಿತ್ತು. ಬೇರೆ ದಿನವಾಗಿದ್ದರೆ ಭೀಮಸಿ ವೇದಿಕೆ ಹತ್ತಿ ಎರಡೂ ಗಡಿಯಾರದ ಹೊತ್ತು ಒಂದೇ ಮಾಡಿ ಬರುತ್ತಿದ್ದ. ಆದರೆ ಅಂದು ಅವನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಓದಿದವರು ಹೇಳುತ್ತಿದ್ದಾರೆ, ಸುಳ್ಳಿರಲಿಕ್ಕಿಲ್ಲ. ಪಾಲಕರಿಗೆ ಹಂಚಿದ ಖಾಲಿ ತಕ್ತೆಯೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದ.

ಮನೆಗೆ ಬಂದವನೇ ದೇವರ ಜಗಲಿಯ ಪಕ್ಕಕ್ಕೆ ತಕ್ತೆ ಹೊಡೆದ. ಗಂಗಾಳ ಕೈಯಲ್ಲಿ ಬಣ್ಣದ ಕಡ್ಡಿ ಕೊಟ್ಟು, ತಾನು ಕೂತು ಹೇಳಿದ, ಅವಳು ತುಂಬಿದಳು. ಐದರಿಂದ ಏಳು ಓದು. ಏಳರಿಂದ ಏಳೂವರೆ ಸ್ನಾನ, ರೊಟ್ಟಿ. ಏಳೂವರೆಗೆ ರಸ್ತೆ ಕವಲೊಡೆಯುವ ಫಾಟಾಕ್ಕೆ ನಡೆಯುವುದು. ಏಳೂ ಐವತ್ತಕ್ಕೆ ಅಲ್ಲಿಗೆ ಬಸ್ಸು ಬರುತ್ತದೆ. ಹಿಂಡುವುದು ಅಪ್ಪ. ಕಸ, ನೀರು ಅವ್ವ.

ಕೆಂಪವ್ವ ದೂರದಿಂದ ತಕ್ತೆ ನೋಡಿದಳು. “ಬಣ್ಣ ಚಲೋ ಅದಾವು. ಇದರಾಗ ನಿಮ್ಮ ಚಹಾದ್ದು ಯಾವ ಚೌಕರೀ?”

“ಯಾವ ಚಹಾ?”

“ಡೇರಿಗೆ ಹಾಲ ಹಾಕಿ, ಫಾಟಾದ ಅಂಗಡ್ಯಾಗ ಕುಂತು, ಊರ ಪಂಚಾಯ್ತಿ ಮುಗಿಸಿ ಬರ್ತೀರಲ್ಲಾ, ಅದು.”

“ನಡೀಲೇ ಸುಮ್ನ! ಪರೀಕ್ಷಾ ಅಕಿದೈತಿ, ನಂದಲ್ಲ” ಎಂದ ಭೀಮಸಿ. ಮಾತು ಅಲ್ಲಿಗೆ ನಿಂತಿತು.

ಸೋಮವಾರ ಐದಕ್ಕೆ ಭೀಮಸಿ ಸ್ಟೀಲಿನ ತಾಟಿಗೆ ಸೌಟು ಬಡಿದ. ಆ ಸಪ್ಪಳಕ್ಕೆ ಗಂಗಾ ಎದ್ದಳು, ಕೆಂಪವ್ವ ಎದ್ದಳು, ಪಕ್ಕದ ತೋಟದ ಸಾವಕ್ಕನ ನಾಯಿ ಎದ್ದಿತು. ಮಗಳನ್ನು ಪುಸ್ತಕದ ಮುಂದೆ ಕೂರಿಸಿ, ಬಕೆಟ್ಟು ಹಿಡಿದು ಎಮ್ಮೆ ಕಟ್ಟುವ ಗೋದಲಿಗೆ ಹೋದ.

ಚಂದ್ರಿ ಪಂಢರಪುರಿ ಜಾತಿಯ ಎಮ್ಮೆ. ಕೊಂಬು ಕತ್ತಿಯ ಹಾಗೆ ಹಿಂದಕ್ಕೆ ಬಾಗಿ ಬೆನ್ನಿನ ತನಕ ಬಂದಿವೆ. ಹೊತ್ತಿಗೆ ನಾಲ್ಕೂವರೆ ಲೀಟರು. ಅದು ಭೀಮಸಿಯನ್ನು ಒಮ್ಮೆ ಮೂಸಿತು. ಇನ್ನೊಮ್ಮೆ ಮೂಸಿತು. ಕಬ್ಬಿನ ಹಸಿ ತುದಿ ಹಾಕಿದ, ತಿಂದಿತು. ಹಿಂಡಿ ಕಲಸಿ ಇಟ್ಟ, ತಿಂದಿತು. ಕರುವನ್ನು ಕುಡಿಯಲು ಬಿಟ್ಟು ಹಿಂದಕ್ಕೆಳೆದ. ಕೆಚ್ಚಲಿಗೆ ನೀರು ಹೊಡೆದು, ಎಣ್ಣೆ ಹಚ್ಚಿ, ಕುಕ್ಕರಗಾಲಲ್ಲಿ ಕೂತು ಎಳೆದೇ ಎಳೆದ. ಬಕೆಟ್ಟಿನ ತಳದಲ್ಲಿ ಚಹಾಕ್ಕಾಗುವಷ್ಟು ಬಿತ್ತು. ಉಳಿದ ಹಾಲನ್ನು ಚಂದ್ರಿ ಎಲ್ಲಿಗೆ ಏರಿಸಿಕೊಂಡಿತೋ ಅದಕ್ಕೇ ಗೊತ್ತು. ಹಾಲು ಕೆಚ್ಚಲಲ್ಲಿ ಇದೆ, ಆದರೆ ಇಳಿಯುವುದಿಲ್ಲ. ಎಮ್ಮೆ ಒಲ್ಲೆನೆಂದರೆ ತಹಶೀಲ್ದಾರ ಬಂದರೂ ಇಳಿಯುವುದಿಲ್ಲ.

ಆರೂ ಮುಕ್ಕಾಲಿಗೆ ಭೀಮಸಿ, “ಗಂಗಾ, ಬಾರಲೇ!” ಎಂದು ಒದರಿದ.

“ಹಸಿರ ಚೌಕ ನಡದೈತಪ್ಪಾ. ಏಳಕ್ಕ ಮುಗೀತೈತಿ” ಎಂದಳು ಗಂಗಾ ಒಳಗಿನಿಂದ, ಶಾಂತವಾಗಿ.

“ಚೌಕದ ಮನಿ ಹಾಳಾಗ! ಬಾ!”

ಅವಳು ಬಂದು ಕೂತಳು. ಅರ್ಧ ತಾಸಿನಲ್ಲಿ ಬಕೆಟ್ಟು ನೊರೆಯೇರಿತು. ಆದರೆ ಸ್ನಾನ, ರೊಟ್ಟಿ, ನಡಿಗೆ ಎಲ್ಲ ಹಿಂದೆ ಸರಿದು ಬಸ್ಸು ಹೋಗಿತ್ತು. ಒಂದು ಸಲ ತಡವಾಯಿತು. ಮೂರು ಉಳಿದವು.

ಮರುದಿನದಿಂದ ಭೀಮಸಿ ಮಗಳನ್ನು ಕರೆಯಲೇ ಇಲ್ಲ. ಬಂದಷ್ಟು ಹಾಲು ಬರಲಿ ಎಂದ. ಚಂದ್ರಿಗೆ ಬೈದ. ಬೈದರೆ ಹಾಲು ಇನ್ನೂ ಮೇಲೇರುತ್ತದೆ ಎಂಬುದು ಗೊತ್ತಿದ್ದೂ ಬೈದ. ಅದರ ಹಿಂದಿನ ಏಳು ತಲೆಮಾರಿಗೆ ಬೈದ. ಡೇರಿಯಲ್ಲಿ ಹಾಲು ಅಳೆಯುವ ಲಖನ ಕ್ಯಾನಿನೊಳಗೆ ಇಣುಕಿ, “ಭೀಮಸಿ ಕಾಕಾ, ಎಮ್ಮಿ ಹಿಂಡಿದ್ರಿ ಏನ್, ಬೆಕ್ಕ ಹಿಂಡಿದ್ರಿ?” ಎಂದ. ಆ ಮಾತಿಗೆ ಕ್ಯಾನಿನ ಮುಚ್ಚಳ ಹಾರಿಬಂತು. ಲಖನ ಬಗ್ಗಿದ್ದರಿಂದ ಉಳಿದ.

ಅತ್ತ ಗಂಗಾ ಮೇಜಿನ ಮುಂದೆ ಎರಡು ತಾಸು ಹಸಿರು ಚೌಕದಲ್ಲಿ ಕೂರುತ್ತಿದ್ದಳು. ಕಣ್ಣು ಪುಸ್ತಕದ ಮೇಲಿರುತ್ತಿತ್ತು. ಹತ್ತು ನಿಮಿಷಕ್ಕೆ ತಲೆಯೂ ಪುಸ್ತಕದ ಮೇಲಿರುತ್ತಿತ್ತು. ಭೀಮಸಿ ಗೋದಲಿಯಿಂದ ಇಣುಕಿ, ಮಗಳು ಬಗ್ಗಿ ಬಗ್ಗಿ ಓದುತ್ತಾಳೆಂದು ಹಿಗ್ಗಿದ. ಒಂದು ದಿನ ಹಾಗೆಯೇ ಎಂಟರ ತನಕ ಬಗ್ಗಿ ಓದಿದಳು. ಯಾರೂ ನೋಡಲಿಲ್ಲ, ಬಸ್ಸು ಹೋಯಿತು. ಎರಡನೇ ಸಲ. ಆ ವಾರದ ಸಮಾಜದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದವು. ಶಿಬಿರಕ್ಕಿಂತ ಮೊದಲು ಹತ್ತೊಂಬತ್ತು ಬರುತ್ತಿದ್ದವು.

“ಹಸಿರ ಚೌಕದಾಗ ಹಸಿರ ಬೆಳೀಲಿಲ್ಲೇನ?” ಎಂದಳು ಕೆಂಪವ್ವ.

ಹನ್ನೊಂದನೆಯ ದಿನ ಭೀಮಸಿ ಕೊನೆಯ ಉಪಾಯ ಮಾಡಿದ. ಎಮ್ಮೆಗೆ ಮಗಳ ವಾಸನೆ ಬೇಕು, ಅಷ್ಟೇ ತಾನೆ? ಹಗ್ಗದ ಮೇಲಿದ್ದ ಗಂಗಾಳ ಓಢಣಿಯನ್ನು ತಲೆಯ ಮೇಲೆ ಹೊದ್ದು, ಗಲ್ಲದ ಕೆಳಗೆ ಗಂಟು ಹಾಕಿ, ಮೀಸೆಯನ್ನು ಅದರೊಳಗೆ ಸೇರಿಸಿ ಕುಕ್ಕರಗಾಲಲ್ಲಿ ಕೂತ. ಚಂದ್ರಿ ತಿರುಗಿ ನೋಡಿತು. ಓಢಣಿಯನ್ನು ಮೂಸಿತು. ಭೀಮಸಿಯ ಜೀವ ಬಾಯಿಗೆ ಬಂತು. ಸರ್ರೆಂದು ನಾಲ್ಕು ಸೇಡೆ ಹಾಲು ಇಳಿದವು. ಖುಷಿ ತಡೆಯದೆ, “ಹಾಂ! ಈಗ ಬಂದಿ ನೋಡ ದಾರಿಗೆ, ಕರೀ ಮಾರ್ಯಾಕಿ!” ಎಂದುಬಿಟ್ಟ. ಧ್ವನಿ ಕೇಳಿದ್ದೇ ಚಂದ್ರಿ ಹಿಂಗಾಲೆತ್ತಿ ಬಕೆಟ್ಟಿನಲ್ಲಿಟ್ಟಿತು, ಇನ್ನೊಂದನ್ನು ಭೀಮಸಿಯ ತೊಡೆಯ ಮೇಲಿಟ್ಟಿತು.

ಅದೇ ಹೊತ್ತಿಗೆ ಬೇಲಿಯಾಚೆ ಸಾವಕ್ಕ ನಿಂತಿದ್ದಳು. “ಯವ್ವಾ ಕೆಂಪಕ್ಕಾ! ಹೊಸಾ ಸೊಸಿ ಯಾವಾಗ ತಂದಿ? ಮುಂಜಮುಂಜಾನೆ ಗೋದಲಿಗೆ ಕಳಿಸಿಯಲ್ಲ ಬೇ, ಹಾಲ ಹಿಂಡಾಕರೆ ಬರತೈತೇನ ಅಕಿಗೆ?”

ಓಢಣಿ ಕಿತ್ತೊಗೆದು ಭೀಮಸಿ ಬೇಲಿಯ ತನಕ ಓಡಿದ. ಜಗಳ ಬಿಡಿಸಲು ಕೆಂಪವ್ವ ಓಡಿದಳು. ಅಪ್ಪನ ತೊಡೆಗೆ ಅರಿಷಿಣ ಅರೆದು ಹಚ್ಚಲು ಗಂಗಾ ನಿಂತಳು. ಬಸ್ಸು ಹೋಯಿತು. ಮೂರನೇ ಸಲ.

ಇನ್ನು ಒಂದೇ ಒಂದು ಉಳಿದಿತ್ತು. ಅಂದು ಸಂಜೆ ಭೀಮಸಿ ತಕ್ತೆಯ ಮುಂದೆ ಕೂತು ಎಷ್ಟು ಹೊತ್ತಾದರೂ ಏಳಲಿಲ್ಲ. ಕೆಂಪವ್ವ ಚಹಾ ತಂದಿಟ್ಟಳು. ಈ ಸಲ ಚುಚ್ಚಲಿಲ್ಲ.

“ಒಂದ ಮಾತ ಹೇಳ್ಲಿ? ಒದರಬಾರದು.”

“ಹೇಳ.”

“ಎಮ್ಮಿಗೆ ಓಢಣಿ ಗುರ್ತಲ್ಲರೀ. ಧ್ವನಿ ಗುರ್ತು. ಅಕಿ ಹಿಂಡೂಮುಂದ ಸುಮ್ನ ಹಿಂಡಂಗಿಲ್ಲ. ಸಾಲ್ಯಾಗಿಂದು ಎಲ್ಲಾ ಎಮ್ಮಿಗೆ ಹೇಳ್ತಾಳ. ಸೇಡೆಗೊಂದು ಮಾತು. ಹಿಂಡೂದು ಮುಗಿಯೂದ್ರಾಗ ಪಾಠ ಬಾಯಿಗೆ ಬಂದಿರತೈತಿ. ಆರ ತಿಂಗಳಾತು, ಅದು ಅದನ್ನ ಕೇಳೇ ಹಾಲ ಬಿಡತೈತಿ. ನೀವು ಅದರ ಪಾಠಾ ಬಂದ ಮಾಡಿದ್ರಿ, ಅದು ನಿಮ್ಮ ಹಾಲ ಬಂದ ಮಾಡ್ತು.”

ಭೀಮಸಿ ಅವಳ ಕಡೆ ತಿರುಗಿದ. “ಮದಲ ಯಾಕ ಹೇಳ್ಲಿಲ್ಲ?”

“ಯಾವಾಗ ಹೇಳ್ಲಿ? ನೀವು ತಾಟ ಬಡೀತಿದ್ರಿ.”

ಅವಳು ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನದನ್ನೂ ಹೇಳಿದಳು. ಗಂಗಾ ಆರಕ್ಕೆ ಹಿಂಡಿ ಕೊಟ್ಟರೆ ಭೀಮಸಿ ಕ್ಯಾನು ಹೊತ್ತು ಗಾಡಿಯ ಮೇಲೆ ಹೋಗುತ್ತಾನೆ. ಏಳಕ್ಕೆ ತಿರುಗಿ ಬಂದು ಮಗಳನ್ನು ಫಾಟಾಕ್ಕೆ ಬಿಡುತ್ತೇನೆಂದು ಹೇಳಿ ಹೋಗುತ್ತಾನೆ. ಅವಳು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಅವನು ಚಹಾದಂಗಡಿಯಲ್ಲಿ ದೇಶದ ಹೊತ್ತು ಸರಿಪಡಿಸುತ್ತ ಕೂತಿರುತ್ತಾನೆ. ಏಳೂ ಮುಕ್ಕಾಲಿಗೆ ಅವಳು ಓಡಲು ಶುರು ಮಾಡುತ್ತಾಳೆ. ಎರಡು ಕಿಲೋಮೀಟರು.

ಭೀಮಸಿ ಎದ್ದು ತಕ್ತೆ ಕಿತ್ತ. ಹರಿಯಲಿಲ್ಲ; ಕಾಗದ ದಪ್ಪಗಿತ್ತು. ಹಿಂಡಿಯ ಚೀಲದ ಮೇಲೆ ಮುಚ್ಚಿದ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಆ ಮಾತು ಅವನ ಬಾಯಿಗೆ ಬರುವುದಿಲ್ಲ, ಯಾರೂ ಕಲಿಸಿಲ್ಲ.

ಮರುದಿನದಿಂದ ಮನೆಯ ಮುಂಜಾನೆಯೇ ಬೇರೆಯಾಯಿತು. ಗಂಗಾ ಚಂದ್ರಿಯ ಪಕ್ಕೆಗೆ ತಲೆ ಆನಿಸಿ ಕೂತು ಶುರು ಮಾಡಿದಳು, “ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳು. ಒಂದು, ಭಾರತೀಯ ರಾಜನು ಬ್ರಿಟಿಷರ ಸೈನ್ಯದ ತುಕಡಿಯನ್ನು ತನ್ನ ರಾಜ್ಯದಲ್ಲಿ ಇಟ್ಟುಕೊಳ್ಳಬೇಕು.” ಬಕೆಟ್ಟಿನಲ್ಲಿ ಹಾಲು ಸರ್‌, ಸರ್‌. “ಎರಡು, ಆ ಸೈನ್ಯದ ಖರ್ಚನ್ನು ರಾಜನೇ ಭರಿಸಬೇಕು.” ಸರ್‌, ಸರ್‌. ಚಂದ್ರಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕಿತು.

ಸಗಣಿ ಬಳಿಯುತ್ತಿದ್ದ ಭೀಮಸಿ ಕೈ ನಿಲ್ಲಿಸಿದ. “ತಡೀ ತಡೀ. ಅವರ ಸೈನ್ಯಕ್ಕ ಇಂವ ಊಟಾ ಹಾಕ್ಬೇಕ?”

“ಹೂಂ.”

“ಇವನ ಮನ್ಯಾಗ ಕುಂತು, ಇವನ ಅನ್ನಾ ಉಂಡು, ಇವಗ ಕಾಯ್ತೀವಿ ಅಂತಾರ?”

“ಹೂಂ ಅಪ್ಪಾ. ಮೂರು, ಆಸ್ಥಾನದಲ್ಲಿ ಅವರ ಒಬ್ಬ ಪ್ರತಿನಿಧಿಯನ್ನು ಇಟ್ಟುಕೊಳ್ಳಬೇಕು.”

“ಒಬ್ಬ ಸಾಹೇಬನೂ ಬ್ಯಾರೆ!” ಭೀಮಸಿ ಕೆಂಡವಾದ. “ಆ ರಾಜರ ಮುಖಕ್ಕಿಷ್ಟು! ಸೈ ಹಾಕೂಮುಂದ ಓದಿ ನೋಡ್ಲಿಲ್ಲೇನ?”

“ಒದರಬ್ಯಾಡಪ್ಪಾ, ಎಮ್ಮಿ ಹಾಲ ಏರಸತೈತಿ.”

ಭೀಮಸಿ ಪಿಸುದನಿಯಲ್ಲಿ ಬ್ರಿಟಿಷರಿಗೆ ಬೈಯತೊಡಗಿದ. ಆರಕ್ಕೆ ಹಾಲೂ ಮುಗಿಯಿತು, ಪಾಠವೂ ಮುಗಿಯಿತು. ಏಳೂವರೆಗೆ ಗಾಡಿಯ ಹಿಂದೆ ಮಗಳು, ಮುಂದೆ ಕ್ಯಾನು. ಫಾಟಾದಲ್ಲಿ ಇಳಿಸಿ, ಬಸ್ಸು ಹತ್ತಿಸಿ, ಆಮೇಲೆ ಡೇರಿ. ಚಹಾದ ಅಂಗಡಿಯವನು ಎರಡು ದಿನ ಕೂಗಿ ಕರೆದು, ಮೂರನೆಯ ದಿನ ಸುಮ್ಮನಾದ. ಐದು ವಾರ ಗಂಗಾ ಒಂದು ದಿನವೂ ತಡ ಮಾಡಲಿಲ್ಲ. ಸಮಾಜದಲ್ಲಿ ಇಪ್ಪತ್ತೊಂದು ಬಂದವು. ತಲೆಬಾಗಿಲಿಂದ ಗೋದಲಿಯ ತನಕ ಎಲ್ಲಿ ನಿಂತರೂ ಭೀಮಸಿ ಆ ಪಾಠದ ನಾಲ್ಕೂ ಷರತ್ತು ತಡವರಿಸದೆ ಹೇಳುತ್ತಿದ್ದ.

ಹಾಲ್ ಟಿಕೆಟ್ಟಿನ ಹಾಜರಿ ಲೆಕ್ಕದ ಕೊನೆಯ ದಿನ ಬಂತು. ಆವತ್ತೇ ಫಾಟಾದ ಆಚೆ ಎರಡು ಟ್ರೇಲರು ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಅಚ್ಚು ಮುರಿದು, ಕಬ್ಬೆಲ್ಲ ರಸ್ತೆಗೆ ಅಡ್ಡ ಮಲಗಿತು. ಅದರ ಹಿಂದೆ ಇನ್ನೂ ಹದಿನಾಲ್ಕು ಟ್ರ್ಯಾಕ್ಟರು. ಆಚೆ ದಂಡೆಯಲ್ಲಿ ಬಸ್ಸು, ಕಾರು, ಗಾಡಿಗಳ ಸಾಲು. ಬಸ್ಸು ಬರುವ ಹಾಗಿಲ್ಲ.

“ಹತ್ತು ಹಿಂದ!” ಎಂದ ಭೀಮಸಿ. ತುಂಬಿದ ಕ್ಯಾನಿನ ಸಮೇತ ಗಾಡಿಯನ್ನು ಕಬ್ಬಿನ ಗದ್ದೆಗಳ ನಡುವಿನ ಕಾಲುದಾರಿಗೆ ಇಳಿಸಿದ. ಕಬ್ಬಿನ ಗರಿ ಇಬ್ಬರ ಮುಖವನ್ನೂ ಕೊಯ್ದವು. ಆರು ಕಿಲೋಮೀಟರು ಹೋಗಿ ಶಾಲೆ ಮುಟ್ಟಿದಾಗ ಎಂಟೂ ಮೂವತ್ತೇಳು. ಎಂಟೂವರೆಗೆ ಗೇಟು ಹಾಕಿಯಾಗಿತ್ತು.

ಗೇಟಿನ ಒಳಗೆ ಸಿಪಾಯಿ ವಿಶಾಲ ಬೀಗದ ಕೈ ತಿರುಗಿಸುತ್ತ ನಿಂತಿದ್ದ. “ಹೆಡ್ ಮಾಸ್ತರರ ಆರ್ಡರ್ ಐತ್ರಿ ಕಾಕಾ. ಪ್ರಾರ್ಥನಾ ಆತು, ಹಾಜರೀನೂ ಆತು.”

“ರಸ್ತೆ ಬಂದ ಐತೋ ಮಾರಾಯಾ!”

“ರಸ್ತೆ ಬಂದ ಇರ್ಲಿ, ತೆರೆದಿರ್ಲಿ, ಹೆಸರ ಬರಿಯೂದ ನನ್ನ ಕೆಲಸ. ನಾಲ್ಕನೇದ್ದು ಅಲ್ಲೇನ ಇಕಿದು?”

ಭೀಮಸಿಯ ಕಿವಿ ಕೆಂಪೇರಿತು. ಅಷ್ಟರಲ್ಲಿ ಹಿಂದೆ ಕಾರಿನ ಸಪ್ಪಳವಾಯಿತು. ಬಾಗಿಲು ತೆರೆದು ಇಳಿದವರು ಹೆಡ್ ಮಾಸ್ತರರು. ಅದೇ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕು, ಈಗ ಬಿಡಿಸಿಕೊಂಡು ಬಂದಿದ್ದರು. ಎಂಟೂ ನಲವತ್ತೊಂಬತ್ತು.

ದೇವರು ಇಂಥ ಗಳಿಗೆಯನ್ನು ಒಬ್ಬ ಮನುಷ್ಯನಿಗೆ ಜನ್ಮಕ್ಕೊಮ್ಮೆ ಕೊಡುತ್ತಾನೆ. ಹಾಕಿದ ಗೇಟು, ಹೊರಗೆ ನಿಂತ ಹೆಡ್ ಮಾಸ್ತರ, ಕಿಟಕಿಯಲ್ಲಿ ಇಣುಕುತ್ತಿರುವ ಇಡೀ ಶಾಲೆ. ಭೀಮಸಿಯ ನಾಲಗೆಯ ಮೇಲೆ ಮೂವತ್ತೊಂಬತ್ತು ವರ್ಷದ ಮಾತು ಸಾಲುಗಟ್ಟಿ ನಿಂತವು. ಎದೆಯುಬ್ಬಿಸಿ ಉಸಿರು ಎಳೆದುಕೊಂಡ.

ಗಂಗಾ ಅವನ ಮುಂಗೈ ಹಿಡಿದಳು. ಮೆಲ್ಲಗೆ, ಎಮ್ಮೆಗೆ ಹೇಳುವ ದನಿಯಲ್ಲೇ ಹೇಳಿದಳು, “ಅಪ್ಪಾ, ನೀ ಒದರಿದ್ರ ನಿನಗ ಸಮಾಧಾನ ಆಗತೈತಿ. ನನ್ನ ಪರೀಕ್ಷಾ ಹೋಗತೈತಿ.”

ಎಳೆದುಕೊಂಡ ಉಸಿರನ್ನು ಏನು ಮಾಡಬೇಕೋ ಭೀಮಸಿಗೆ ತಿಳಿಯಲಿಲ್ಲ. ನುಂಗಿದ. ಕಣ್ಣಲ್ಲಿ ನೀರು ಬಂತು. ಪಕ್ಕಕ್ಕೆ ಸರಿದು, “ಬರ್ರಿ ಸರ್. ಗೇಟ ಹಾಕ್ಯಾರ” ಎಂದ. ಅಷ್ಟೇ.

ಹೆಡ್ ಮಾಸ್ತರರು ತಮ್ಮ ಗಡಿಯಾರ ನೋಡಿದರು. ಗೇಟು ನೋಡಿದರು. ಮುಖದ ಮೇಲೆಲ್ಲ ಕಬ್ಬಿನ ಗೀರು ಎದ್ದ ಅಪ್ಪ ಮಗಳನ್ನು ನೋಡಿದರು. ಮೂವರೂ ಒಂದೇ ಕಡೆ ನಿಂತಿದ್ದರು.

“ಹಾಜರಿ ಆತೇನೋ ವಿಶಾಲ?”

“ಆತ್ರಿ ಸರ್.”

“ನಾ ಬರೂಕಿಂತ ಮದಲ ಹ್ಯಾಂಗ ಆತು? ಮತ್ತೊಮ್ಮೆ ತಗೋಳಾಕ ಹೇಳು. ಎಲ್ಲಾರದೂ.”

ಗೇಟು ತೆರೆಯಿತು. ಹೆಡ್ ಮಾಸ್ತರರ ಬೆನ್ನ ಹಿಂದೆ ಗಂಗಾ ಒಳಗೆ ಹೋದಳು. ಮೂರು ತಾಸು ಕಾದರೂ ಶಿಬಿರದಲ್ಲಿ ಕಲಿಯದ ಪಾಠವನ್ನು ಭೀಮಸಿ ಎರಡು ನಿಮಿಷದಲ್ಲಿ ಕಲಿತ. ಗಡಿಯಾರ ಗೋಡೆಯ ಮೇಲೆ ಇರುವುದಿಲ್ಲ. ದೊಡ್ಡವರು ಬಂದು ತಲುಪಿದಾಗ ಎಂಟೂವರೆ ಆಗುತ್ತದೆ. ಉಳಿದವರು ಅಷ್ಟು ಹೊತ್ತಿಗೆ ಅವರ ಹಿಂದೆ ನಿಂತಿರಬೇಕು, ಅದೇ ಸಮಯ ಪಾಲನೆ. ಕ್ಯಾನಿನಲ್ಲಿದ್ದ ಹಾಲು ಕುಲುಕಿ ಕುಲುಕಿ ಮೇಲೆ ಬೆಣ್ಣೆ ತೇಲುತ್ತಿತ್ತು. ಲಖನ ಅದನ್ನು ತೆಗೆದುಕೊಳ್ಳಲಿಲ್ಲ, ಚೇಷ್ಟೆಯನ್ನೂ ಮಾಡಲಿಲ್ಲ. ಮುಖ ನೋಡಿ ಹೆದರಿದ.

ಅಂದು ಸಂಜೆ ಹಾಲ್ ಟಿಕೆಟ್ಟಿನ ಪಟ್ಟಿಯಲ್ಲಿ ಹೆಸರು ಇದೆಯೆಂದು ಗಂಗಾ ಬಂದು ಹೇಳಿದಾಗ ಭೀಮಸಿ ಕಟ್ಟೆಯ ಮೇಲೆ ಕೂತಿದ್ದ. ಏನೋ ಹೇಳಬೇಕಿತ್ತು. ಹೇಳಲು ಬರದೆ, “ಏನ್ ಬೇಕ ಕೇಳವ್ವಾ” ಎಂದ.

“ಏನ್ ಕೇಳಿದ್ರೂ ಕೊಡ್ತಿ?”

“ಚಿಂಚಲಿ ಮಾಯಕ್ಕನ ಆಣಿ.”

ಗಂಗಾ ತಡಮಾಡಲಿಲ್ಲ, ಎಷ್ಟೋ ದಿನದಿಂದ ಯೋಚಿಸಿ ಇಟ್ಟಂತಿತ್ತು. “ಪರೀಕ್ಷಾ ಮುಗದ ಮ್ಯಾಲ ಒಂದ ದಿನ ಮುಂಜಾನಿ ಎಂಟರ ತನಕಾ ಮಲಗತೀನಿ. ಯಾರೂ ಎಬ್ಬಸಬಾರದು. ತಾಟ ಇಲ್ಲ, ಎಮ್ಮಿ ಇಲ್ಲ, ಏನೂ ಇಲ್ಲ. ಒಂದ ಮುಂಜಾನಿ ನಂದು.”

“ಅಷ್ಟ? ಹುಚ್ಚಿ! ಕೊಟ್ನಿ ತಗೋ” ಎಂದು ಭೀಮಸಿ ನಕ್ಕ.

ಪರೀಕ್ಷೆ ಮುಗಿಯಿತು. ಮರುದಿನ ಐದಕ್ಕೆ ಚಂದ್ರಿ ಒದರಿತು. ಕೆಂಪವ್ವನ ಕೈ ಏಳಲಿಲ್ಲ, ಭೀಮಸಿಗೆ ಹಾಲು ಇಳಿಯಲಿಲ್ಲ. “ಇವತ್ತೊಂದ ದಿನ ಏಳವ್ವಾ, ನಾಳಿ ಮಲಗೀಯಂತ” ಎಂದ. ನಾಳೆ ಬೀಗರು ಬಂದರು. ನಾಡಿದ್ದು ಹೊಲದ ಅರಿಷಿಣ ಕುದಿಸುವುದಿತ್ತು. ಫಲಿತಾಂಶ ಬಂತು, ನೂರಕ್ಕೆ ಎಪ್ಪತ್ತೊಂದು. ಶಾಲೆಯ ಮುಂದೆ ಸಂಗ್ರಾಮ ಸರ್ ಅವರ ದೊಡ್ಡ ಫೋಟೋ, ಕೆಳಗೆ ಅಂಚೆ ಚೀಟಿಯಷ್ಟು ಗಂಗಾಳ ಫೋಟೋ ಹಾಕಿ ಬ್ಯಾನರು ಕಟ್ಟಿದರು. ಚಂದ್ರಿಯದು ಹಾಕಲಿಲ್ಲ. ಜೂನಿನಲ್ಲಿ ಗಂಗಾ ಚಿಕ್ಕೋಡಿಯ ಕಾಲೇಜು ಸೇರಿ ಹಾಸ್ಟೆಲ್ಲಿಗೆ ಹೋದಳು. ಅಲ್ಲಿ ಐದಕ್ಕೆ ಗಂಟೆ ಹೊಡೆಯುತ್ತಾರೆ.

ಈಗ ಹಿಂಡುವವನು ಭೀಮಸಿಯೇ. ಚಂದ್ರಿಯ ಪಕ್ಕೆಗೆ ತಲೆ ಆನಿಸಿ ಆ ನಾಲ್ಕು ಷರತ್ತುಗಳನ್ನು ಮಗಳ ರಾಗದಲ್ಲೇ ಮೆಲ್ಲಗೆ ಹೇಳುತ್ತಾನೆ. ಮೂರು ಲೀಟರಿಗೆ ಮೋಸವಿಲ್ಲ. ಆದರೆ ಎರಡನೇ ಷರತ್ತಿಗೆ ಬಂದಾಗ ಸಿಟ್ಟು ಬಂದುಬಿಟ್ಟರೆ ಅಷ್ಟಕ್ಕೇ ನಿಲ್ಲುತ್ತದೆ.

ದೀಪಾವಳಿ ರಜೆಗೆ ಗಂಗಾ ಮನೆಗೆ ಬಂದಳು. ಭೀಮಸಿ ಹಿಂದಿನ ದಿನವೇ ಎಲ್ಲ ಏರ್ಪಾಟು ಮಾಡಿದ್ದ. ಸಾವಕ್ಕನ ಕಾಲಿಗೆ ಬಿದ್ದಷ್ಟು ಮಾಡಿ ನಾಯಿಯನ್ನು ಅವಳ ತವರಿಗೆ ಕಳಿಸಿದ್ದ. ಕೆಂಪವ್ವನಿಗೆ ಪಾತ್ರೆ ಮುಟ್ಟಬೇಡವೆಂದಿದ್ದ. ನಸುಕಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹೆಜ್ಜೆ ಎಣಿಸುತ್ತ ಮಗಳ ಕೋಣೆ ದಾಟಿದ. ಬಾಗಿಲು ತೆರೆದಿತ್ತು. ಗಂಗಾ ಹಾಸಿಗೆ ಮಡಚಿ ಇಟ್ಟು, ಅದರ ಮೇಲೆ ಕೂತಿದ್ದಳು.

“ಇನ್ನೂ ಐದ ಆಗಿಲ್ಲವ್ವಾ. ಮಲಗ” ಎಂದ ಭೀಮಸಿ. “ಎಂಟರ ತನಕಾ ಮಲಗ. ಯಾರರೆ ಎಬ್ಬಸಲಿ ನೋಡ್ತೀನಿ.”

“ಮಲಗಿ ನೋಡ್ದೆಪ್ಪಾ,” ಎಂದಳು ಗಂಗಾ. “ಈಗ ನಿದ್ದಿ ಬರವಲ್ತು.”

ಭೀಮಸಿ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡ. ಆಮೇಲೆ ಇಬ್ಬರೂ ಬಕೆಟ್ಟು ತೆಗೆದುಕೊಂಡು ಗೋದಲಿಗೆ ಹೋದರು.